ನಾಲ್ಕು ಮೀಟರ್ ನಡಿಗೆ, ಮೂರು ತಾಲ್ಲೂಕು

ಜನವರಿ ತಿಂಗಳ ಒಂದು ಬುಧವಾರ ಬೆಳಿಗ್ಗೆ ಆರೂವರೆ ಗಂಟೆಗೆ ಹಾಸನದ ಬಸ್ ನಿಲ್ದಾಣದ ಎದುರು ನಾನು ಮಂಕಿ ಟೋಪಿ ಧರಿಸಿ, ಕೊರಳಿಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡು ನಿಂತಿದ್ದೆ. ಮಂಜು ಎಷ್ಟಿತ್ತೆಂದರೆ, ರಸ್ತೆಯಾಚೆಗೆ ಕಾಫಿ ಅಂಗಡಿ ಇದೆಯೆಂಬುದು ವಾಸನೆಯಿಂದ ಮಾತ್ರ ತಿಳಿಯುತ್ತಿತ್ತು. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದು, ಹೋಬಳಿ, ತಾಲ್ಲೂಕು, ಜಿಲ್ಲೆ ಎಂಬ ಮೂರು ಲೋಕಗಳ ಓಟದ ಸ್ಪರ್ಧೆಗಳಲ್ಲೂ ಗಡಿಯಾರ ಹಿಡಿದು ನಿವೃತ್ತನಾದ ನನಗೆ, ಅರವತ್ತೇಳನೆಯ ವಯಸ್ಸಿನಲ್ಲಿ ಮತ್ತೆ ಕರೆ ಬಂದಿತ್ತು. ಈ ಸಲ ಸ್ಪರ್ಧಿಗಳ ಕನಿಷ್ಠ ವಯಸ್ಸು ಅರವತ್ತೈದು. ಓಟದ ದೂರ ನಾಲ್ಕು ಮೀಟರ್. ಓಡುವಂತಿಲ್ಲ, ನಡೆಯಬೇಕು.

ಕರೆದವರು ಡಾಕ್ಟರ್ ಮಾಲಿನಿ. ಒಂದು ಕಾಲಕ್ಕೆ ನಮ್ಮ ಶಾಲೆಯ ಖೋಖೋ ತಂಡದಲ್ಲಿದ್ದವರು. ಈಗ ಹಳ್ಳಿಗಳಲ್ಲಿ ಹಿರಿಯರ ನಿತ್ರಾಣದ ತಪಾಸಣೆ ನಡೆಸುತ್ತಾರೆ. ಮುಪ್ಪು ಬೇರೆ, ನಿತ್ರಾಣ ಬೇರೆ ಎಂದು ಅವರು ನನಗೆ ಫೋನಿನಲ್ಲೇ ಪಾಠ ಮಾಡಿದ್ದರು. ಎಂಬತ್ತೈದಕ್ಕೂ ಗಟ್ಟಿಯಾಗಿರುವವರಿದ್ದಾರೆ, ಎಪ್ಪತ್ತಕ್ಕೇ ಒಳಗೊಳಗೆ ಸವೆದು, ಒಂದು ಜ್ವರವನ್ನೋ ಒಂದು ಬೀಳುವಿಕೆಯನ್ನೋ ತಡೆದುಕೊಳ್ಳಲಾಗದವರೂ ಇದ್ದಾರೆ. ಹೊರಗಿನಿಂದ ನೋಡಿದರೆ ಇಬ್ಬರೂ ಒಂದೇ. ಆದ್ದರಿಂದ ನಡೆಸಿ ನೋಡಬೇಕು. ಕೈ ಕಟ್ಟಿಸಿ ಕುರ್ಚಿಯಿಂದ ಐದು ಸಲ ಏಳಿಸಬೇಕು. ಬಲ ತೋರಿಸುವ ಮುಳ್ಳಿರುವ ಕಬ್ಬಿಣದ ಹಿಡಿಯೊಂದನ್ನು ಹಿಂಡಿಸಬೇಕು. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಹೆಬ್ಬೆರಳು ತಾಗಿಸಿ ಹತ್ತು ಸೆಕೆಂಡು ನಿಲ್ಲಿಸಬೇಕು. ತೂಕ, ಹಸಿವು, ಸುಸ್ತು ವಿಚಾರಿಸಬೇಕು. ನಾಲ್ಕು ಮೀಟರಿಗೆ ಐದು ಸೆಕೆಂಡಿಗಿಂತ ಹೆಚ್ಚಾದರೆ ಯೋಚನೆ ಮಾಡಬೇಕಾದ ವಿಷಯ.

ಸಮಾಜಸೇವೆಯ ಉತ್ಸಾಹದಿಂದ ಹೊರಟೆನೆಂದು ಮನೆಯಲ್ಲಿ ಹೇಳಿದ್ದೆ. ಅದು ಸುಳ್ಳು. ನನ್ನ ಅಕ್ಕ ಗೌರಮ್ಮನಿಗೆ ಎಪ್ಪತ್ತೇಳು. ಹಿರೀಸಾವೆಯಲ್ಲಿ ಹೆದ್ದಾರಿ ಬದಿಗೆ ಮಗಳು ಲಲಿತ ನಡೆಸುವ ಹೋಟೆಲಿನ ಹಿಂಭಾಗದಲ್ಲೇ ಅವಳ ವಾಸ. ಪಿತ್ತಕೋಶದಲ್ಲಿ ಕಲ್ಲು. ಮೂರು ಸಲ ಹೊಟ್ಟೆ ಹಿಡಿದುಕೊಂಡು ಹಾಸನಕ್ಕೆ ಬಂದಿದ್ದಾಳೆ. ಸರ್ಜನ್ನರು ಸ್ಪಷ್ಟವಾಗಿ ಹೇಳಿದ್ದರು: ಕಲ್ಲು ತೆಗೆಯುವುದು ದೊಡ್ಡದಲ್ಲ, ಈ ಮೈ ಅದನ್ನು ತಡೆಯುತ್ತದೆಯೇ ಎನ್ನುವುದು ದೊಡ್ಡದು, ನಿತ್ರಾಣದ ತಪಾಸಣೆ ಮಾಡಿಸಿ ಚೀಟಿ ತನ್ನಿ, ಆಮೇಲೆ ತೀರ್ಮಾನ. ಮಾಲಿನಿಯವರ ಮೂರನೆಯ ದಿನದ ಶಿಬಿರ ಹಿರೀಸಾವೆಯ ಪಕ್ಕದ ಹಳ್ಳಿಯಲ್ಲಿತ್ತು. ಅಕ್ಕನ ಹೆಸರನ್ನು ಅಲ್ಲಿ ಬರೆಸಿದ್ದೆ. ಆದರೆ ಅವಳು ನನ್ನ ಅಕ್ಕ ಎಂಬುದನ್ನು ಡಾಕ್ಟರಮ್ಮನಿಗೆ ಹೇಳಿರಲಿಲ್ಲ. ಹೇಳಿದರೆ ಗಡಿಯಾರ ಕಿತ್ತುಕೊಂಡಾರೆಂಬ ಹೆದರಿಕೆ.

ಜೀಪು ಬಂತು. ಚಾಲಕ ರಂಗಸ್ವಾಮಿ, ಡಾಕ್ಟರಮ್ಮ, ಒಂದು ಕುರ್ಚಿ, ತೂಕದ ಯಂತ್ರ, ನಾನು. ಮೊಸಳೆಹೊಸಹಳ್ಳಿ ದಾಟುವವರೆಗೂ ದೀಪ ಹಾಕಿಕೊಂಡೇ ಹೋದೆವು. ಹೊಳೆನರಸೀಪುರಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರ್. ಒಂದು ಗಂಟೆ ಹಿಡಿಯಿತು. ಹೊಳೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ.

ಸಮುದಾಯ ಭವನದಲ್ಲಿ ನಲವತ್ತು ಜನ ಹಿರಿಯರು ಆಗಲೇ ಸಾಲಾಗಿ ಕುಳಿತಿದ್ದರು. ಶಿಸ್ತು ಕಂಡು ನನ್ನ ಹಳೆಯ ಹೃದಯ ಅರಳಿತು. ಆದರೆ ಮೊದಲ ಹತ್ತು ಜನರಲ್ಲಿ ಒಂಬತ್ತು ಮಂದಿಯ ಹಿಡಿತದಲ್ಲಿ ಬಲವೇ ಇಲ್ಲ. ಒಬ್ಬರು ಮೂರನೆಯ ಸಲ ಕುರ್ಚಿಯಿಂದ ಏಳುವಾಗ ಕಣ್ಣು ಕತ್ತಲೆ ಬಂದು ನನ್ನ ಭುಜ ಹಿಡಿದುಕೊಂಡರು. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ, ಬೆಳಿಗ್ಗೆ ಏನು ತಿಂದಿರಿ ಎಂದು ಕೇಳಿದರು.

"ಏನೂ ಇಲ್ಲ ಕಣವ್ವ. ಕಾಪೀನೂ ಕುಡ್ದಿಲ್ಲ," ಎಂದರು ಅವರು. "ಖಾಲಿ ಒಟ್ಟೇಲಿ ಬರ್ಬೇಕಲ್ವಾ?"

ಇದುವರೆಗೆ ಆ ಊರಿಗೆ ಬಂದ ಶಿಬಿರಗಳೆಲ್ಲ ಸಕ್ಕರೆ ಕಾಯಿಲೆಯವು. ಡಾಕ್ಟರು ಬಂದರೆಂದರೆ ಉಪವಾಸ ಎಂಬುದು ಅಲ್ಲಿನ ನೇಮ. ನಲವತ್ತು ಜನವೂ ಹಿಂದಿನ ಸಂಜೆ ಏಳಕ್ಕೆ ಉಂಡವರು, ಬೆಳಿಗ್ಗೆ ಒಂಬತ್ತಕ್ಕೆ ಬಲಪರೀಕ್ಷೆಗೆ ಕುಳಿತಿದ್ದರು. ರಂಗಸ್ವಾಮಿ ಓಡಿಹೋಗಿ ಎರಡು ಬುಟ್ಟಿ ಇಡ್ಲಿ ತಂದ. ಹನ್ನೊಂದಕ್ಕೆ ಮತ್ತೆ ಮೊದಲಿನಿಂದ ಶುರು ಮಾಡಿದೆವು. ಅದೇ ಜನ ಹಿಡಿಯನ್ನು ಹಿಂಡಿದ ರಭಸಕ್ಕೆ ಮುಳ್ಳು ಬೇರೆ ಕಡೆಗೇ ಓಡಿತು. ನಾನು ನಕ್ಕೆ. ನಗುತ್ತಿರುವಾಗಲೇ ಅಕ್ಕನ ನೆನಪು ಬಂದು, ಸಂಜೆ ಫೋನ್ ಮಾಡಿ ಲಲಿತನಿಗೆ ಹೇಳಿದೆ: ಶುಕ್ರವಾರ ಅಕ್ಕನಿಗೆ ತಿಂಡಿ ತಿನ್ನಿಸಿಯೇ ಕರೆದುಕೊಂಡು ಬಾ.

"ತಿನ್ನಿಸ್ತೀನಿ ಮಾವ," ಎಂದಳು. ಆ 'ತಿನ್ನಿಸ್ತೀನಿ'ಯಲ್ಲಿ ಏನೋ ಕೊರೆಯಿತು. ಕೇಳುವಷ್ಟರಲ್ಲಿ ಗಿರಾಕಿ ಬಂದರೆಂದು ಇಟ್ಟುಬಿಟ್ಟಳು.

ಹೊಳೆನರಸೀಪುರದ ಲಾಡ್ಜಿನ ಕೋಣೆಗೆ ಆರುನೂರು ರೂಪಾಯಿ. ಬಿಸಿನೀರು ಬಕೆಟ್ಟಿನಲ್ಲಿ, ಬೆಳಿಗ್ಗೆ ಎಂಟರ ಒಳಗೆ. ಗುರುವಾರ ಸ್ನಾನಕ್ಕೆ ಮುಂಚೆ, ಪರರಿಗೆ ವಿಧಿಸುವುದನ್ನು ತಾನೂ ಆಚರಿಸಬೇಕೆಂಬ ಧರ್ಮಬುದ್ಧಿಯಿಂದ ಕೈ ಕಟ್ಟಿ ಕುರ್ಚಿಯಿಂದ ಎದ್ದೆ. ನಾಲ್ಕು ಸಲ ಘನತೆಯಿಂದ ಎದ್ದೆ. ಐದನೆಯದಕ್ಕೆ ಮೇಜು ನೆರವಾಯಿತು. ಈ ಫಲಿತಾಂಶವನ್ನು ಯಾವ ನಮೂನೆಯಲ್ಲೂ ದಾಖಲಿಸಿಲ್ಲ.

ಅರಕಲಗೂಡಿನ ಕಡೆಗೆ ಏರುತ್ತ ಹೋದಂತೆ ಚಳಿ ಹೆಚ್ಚಿತು. ದಾರಿಯ ಎರಡೂ ಕಡೆ ಶುಂಠಿ ಕೀಳುವವರು, ತಂಬಾಕನ್ನು ಕಾಯಿಸಿ ಹದಮಾಡುವ ಬೇರನ್ ಮನೆಗಳು. ಪಟ್ಟಣದಲ್ಲಿ ತಿಂಡಿಗೆ ಅವರೆಕಾಳು ಉಪ್ಪಿಟ್ಟು ಸಿಕ್ಕಿತು, ತಟ್ಟೆಗೆ ನಲವತ್ತು. ಶಿಬಿರ ಊರಾಚೆಯ ಒಂದು ಹಳ್ಳಿಯ ಅಂಗನವಾಡಿಯಲ್ಲಿತ್ತು. ಅಲ್ಲಿಗೆ ಬಂದ ಕರಿಯಪ್ಪನವರ ವಯಸ್ಸು ಅವರಿಗೂ ಗೊತ್ತಿರಲಿಲ್ಲ. ಆಧಾರ್ ಕಾರ್ಡಿನಲ್ಲಿ ಎಪ್ಪತ್ತನಾಲ್ಕು ಎಂದಿತ್ತು. ಜೀವನಪರ್ಯಂತ ಬೇರೆಯವರ ಗದ್ದೆಯಲ್ಲಿ ದುಡಿದ ಕೈ. ಹಿಡಿಯಲ್ಲಿ ಆ ದಿನ ಅವರದೇ ಮೊದಲ ಸ್ಥಾನ. ನಡಿಗೆ ಮೂರೂ ಮುಕ್ಕಾಲು ಸೆಕೆಂಡು. ಆದರೆ ಕುರ್ಚಿಯ ಮುಂದೆ ಬಂದಾಗ ನಿಂತುಬಿಟ್ಟರು. ಕೂತುಕೊಳ್ಳಿ ಎಂದೆ. ಅರ್ಧ ಬಗ್ಗಿದರು, ಡಾಕ್ಟರಮ್ಮನ ಕಡೆ ನೋಡಿದರು, ಮತ್ತೆ ನೆಟ್ಟಗಾದರು. ಮೂರು ಸಲ ಹೀಗಾಯಿತು. ಮಂಡಿ ನೋವೇ ಎಂದು ನಾನು ಕೇಳಿದೆ.

"ಮಂಡಿ ಸಂದಾಗೈತೆ ಸಾ," ಎಂದರು. "ದೊಡ್ಡೋರು ನಿಂತಿರುವಾಗ ಕುರ್ಚಿ ಮ್ಯಾಲೆ ಕುಂತು ಅಭ್ಯಾಸ ಇಲ್ಲ. ನೆಲದ ಮ್ಯಾಲಿಂದ ಏಳು ಅನ್ನಿ, ಎಷ್ಟು ದಪ ಬೇಕಾದ್ರೂ ಏಳ್ತೀನಿ."

ಡಾಕ್ಟರಮ್ಮ ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು, ನಮೂನೆಯನ್ನು ತೊಡೆಯ ಮೇಲಿಟ್ಟುಕೊಂಡು, ನನಗೂ ಕುಳಿತುಕೊಳ್ಳಲು ಕಣ್ಣಲ್ಲೇ ಹೇಳಿದರು. ನಾವಿಬ್ಬರೂ ನೆಲ ಹಿಡಿದ ಮೇಲೆ ಕರಿಯಪ್ಪನವರು ಕುರ್ಚಿಯನ್ನು ಒಮ್ಮೆ ಕೈಯಿಂದ ಒರೆಸಿ ಕುಳಿತರು. ಐದು ಸಲ ಎದ್ದರು, ಹನ್ನೊಂದು ಸೆಕೆಂಡು. ಆರನೆಯ ಸಲ ಕುಳಿತವರು ಏಳಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ಇದ್ದರು. ಏಳಿ ಎಂದು ನಾವೂ ಹೇಳಲಿಲ್ಲ.

ಜೀಪಿನಲ್ಲಿ ವಾಪಸು ಬರುವಾಗ ಡಾಕ್ಟರಮ್ಮ, ನಿನ್ನೆ ಹಸಿವು, ಇವತ್ತು ಕುರ್ಚಿ, ನಮೂನೆಯಲ್ಲಿ ಇದಕ್ಕೆಲ್ಲ ಜಾಗವೇ ಇಲ್ಲ ಸರ್ ಎಂದರು. ತಪ್ಪು ಅಳತೆಯಿಂದ ಗಟ್ಟಿಗರೂ ನಿತ್ರಾಣರಾಗಿ ಹೋಗುತ್ತಾರೆ ಎಂದೂ ಹೇಳಿದರು. ನನಗೆ ಅದರಿಂದ ಸಮಾಧಾನವೂ ಆಯಿತು, ದಿಗಿಲೂ ಆಯಿತು. ಅಕ್ಕ ಚೆನ್ನಾಗಿದ್ದೂ ಅಳತೆ ತಪ್ಪಿದರೆ ಶಸ್ತ್ರಚಿಕಿತ್ಸೆ ನಿಲ್ಲುತ್ತದೆ, ಕಲ್ಲು ಉಳಿಯುತ್ತದೆ. ಅವಳು ಚೆನ್ನಾಗಿಲ್ಲದಿರುವಾಗ ನಾನು ಗಡಿಯಾರದ ಗುಂಡಿಯನ್ನು ಒಂದು ಸೆಕೆಂಡು ಮೊದಲು ಒತ್ತಿದರೆ ಅವಳು ಆಪರೇಷನ್ ಮೇಜಿನ ಮೇಲಿಂದ ಏಳದೆ ಹೋಗಬಹುದು. ನನ್ನ ಹೆಬ್ಬೆರಳನ್ನು ನಾನೇ ನಂಬದಂತಾಯಿತು. ತಾಲ್ಲೂಕು ಮಟ್ಟದ ಓಟಗಳಲ್ಲಿ ನಮ್ಮ ಶಾಲೆಯ ಮಕ್ಕಳು ಓಡುವಾಗ ಗಡಿಯಾರವನ್ನು ಬೇರೆ ಶಾಲೆಯ ಮೇಷ್ಟ್ರ ಕೈಗೆ ಕೊಡುವುದು ನಮ್ಮಲ್ಲಿ ಪದ್ಧತಿ. ಅರಕಲಗೂಡಿನ ಲಾಡ್ಜಿನ ಮೆಟ್ಟಿಲ ಮೇಲೆ ನಿಂತು, ನಾಳಿನ ಹೆಸರಿನ ಪಟ್ಟಿಯಲ್ಲಿರುವ ಗೌರಮ್ಮ ನನ್ನ ಅಕ್ಕ ಎಂದು ಒಪ್ಪಿಕೊಂಡೆ.

ಡಾಕ್ಟರಮ್ಮ ಬಯ್ಯಲಿಲ್ಲ. "ಎರಡು ದಿನದಿಂದ ನೀವು ಆ ಪಟ್ಟಿನಾ ದಿನಕ್ಕೆ ನಾಲ್ಕು ಸಲ ತೆಗೆದು ನೋಡ್ತಿದ್ರಿ ಸರ್," ಎಂದರು. "ನಾಳೆ ಅವರ ಸರದಿ ಬಂದಾಗ ಗಡಿಯಾರ ರಂಗಸ್ವಾಮಿ ಕೈಯಲ್ಲಿರ್ಲಿ."

ಶುಕ್ರವಾರ ಐದೂವರೆಗೇ ಹೊರಟು, ಬಂದ ದಾರಿಯಲ್ಲೇ ಹೊಳೆನರಸೀಪುರಕ್ಕೆ ಇಳಿದು, ತೆಂಗಿನ ತೋಟಗಳ ನಡುವೆ ಚನ್ನರಾಯಪಟ್ಟಣ ಸೇರಿದಾಗ ಎಂಟು ಗಂಟೆ. ಕಾಫಿ ಕುಡಿದೆವು. ನನ್ನ ತಟ್ಟೆಯ ದೋಸೆಯನ್ನು ರಂಗಸ್ವಾಮಿ ತಿಂದ. ಹೆದ್ದಾರಿಯಲ್ಲಿ ಬೆಂಗಳೂರಿನ ಕಡೆಗೆ ಹೋಗಿ, ಹಿರೀಸಾವೆ ಇನ್ನು ಮೂರ್ನಾಲ್ಕು ಕಿಲೋಮೀಟರ್ ಇರುವಾಗ ಒಳದಾರಿ ಹಿಡಿದೆವು. ಆ ಹಳ್ಳಿಯಲ್ಲಿ ಸಮತಟ್ಟಾದ, ನೆರಳಿರುವ ಜಾಗವೆಂದರೆ ದೇವಸ್ಥಾನದ ಪೌಳಿ ಒಂದೇ. ನುಣುಪಾದ ಕಲ್ಲುಹಾಸು. ಗರುಡಗಂಬದಿಂದ ಗರ್ಭಗುಡಿಯ ಕಡೆಗೆ ನಾಲ್ಕು ಮೀಟರ್ ಟೇಪು ಹಾಸಿದೆವು. ಓಟದ ಪಥ ಹಾಕಿದ ಅನುಭವದಲ್ಲಿ ಹೇಳುತ್ತೇನೆ, ಅಷ್ಟು ನೇರವಾದ ಗೆರೆಯನ್ನು ನಾನು ಸರ್ವಿಸ್ಸಿನಲ್ಲೂ ಹಾಕಿರಲಿಲ್ಲ.

ಆ ಹೊತ್ತಿಗೆ ಬಂದಿದ್ದವರು ಹೆಂಗಸರೇ. ಎಲ್ಲರೂ ತಿಂಡಿ ತಿಂದಿದ್ದಾರೆಂದು ಖಾತ್ರಿ ಮಾಡಿಕೊಂಡೆವು. ಮೊದಲು ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಿಲ್ಲುವುದು. ಅದರಲ್ಲಿ ಎಲ್ಲರೂ ಕಂಬದ ಹಾಗೆ ನಿಂತರು. ಡಾಕ್ಟರಮ್ಮ ಹುಬ್ಬೇರಿಸಿ ನನ್ನ ಕಡೆ ನೋಡಿದರು. ಆಮೇಲೆ ನಡಿಗೆ. ನಾನು ಕೊನೆಯ ಗೆರೆಯ ಬಳಿ ನಿಂತು ಗೆರೆಯನ್ನೇ ದಿಟ್ಟಿಸಿದೆ. ಕಾಲಗಣಕನ ಕಣ್ಣು ಬೇರೆಲ್ಲೂ ಹೋಗಕೂಡದು. ಮೊದಲನೆಯವರು ಹದಿನಾರು ಸೆಕೆಂಡು. ಎರಡನೆಯವರು ಹದಿನೆಂಟು. ಮೂರನೆಯವರು ಗಟ್ಟಿಮುಟ್ಟಾದ ಹೆಂಗಸು, ಒಂದು ಹೊರೆ ಹುಲ್ಲು ಇಳಿಸಿಯೇ ಬಂದಿದ್ದವರು, ಅವರಿಗೆ ಇಪ್ಪತ್ತು. ಹನ್ನೊಂದು ಜನ ಮುಗಿದರು. ಹದಿನೈದಕ್ಕಿಂತ ಕಡಿಮೆ ಒಬ್ಬರೂ ಇಲ್ಲ. ಡಾಕ್ಟರಮ್ಮನ ಮುಖ ಬಿಳಿಚಿತು. ಈ ಊರಿಗೆ ಏನಾಗಿದೆ ಸರ್, ಕುಡಿಯೋ ನೀರು ಏನಾದರೂ ನೋಡಬೇಕೇ ಎಂದು ಮೆಲ್ಲಗೆ ಕೇಳಿದರು.

ಅಷ್ಟರಲ್ಲಿ ಲಲಿತನ ಕೈ ಹಿಡಿದು ಅಕ್ಕ ಬಂದಳು. ದೀಪಾವಳಿಯಲ್ಲಿ ನೋಡಿದ್ದೆ, ಆಗ ಕುಪ್ಪಸದ ತೋಳು ಇಷ್ಟು ಸಡಿಲವಿರಲಿಲ್ಲ. ನನ್ನನ್ನು ಕಂಡು ನಿಂತಳು.

"ಏನ್ಲಾ ಪುಟ್ಟ, ಸ್ಕೂಲ್ ಐಕ್ಳನ್ನ ಓಡ್ಸಿದ್ದು ಸಾಲ್ದು ಅಂತ ನನ್ನೂ ಓಡ್ಸಕ್ಕೆ ಬಂದ್ಯಾ?"

ಗಡಿಯಾರವನ್ನು ರಂಗಸ್ವಾಮಿಗೆ ಕೊಟ್ಟು ಪಕ್ಕಕ್ಕೆ ಸರಿದೆ. ಅಕ್ಕ ಹತ್ತು ಸೆಕೆಂಡು ಅಲುಗಾಡದೆ ನಿಂತಳು. ಆಮೇಲೆ ಗರುಡಗಂಬದಿಂದ ಹೊರಟಳು. ಆ ನಾಲ್ಕು ಮೀಟರನ್ನು ನಾನು ಬಾಳಿನಲ್ಲಿ ಮರೆಯುವಂತಿಲ್ಲ. ಅವಳು ಬರುತ್ತಿದ್ದಾಳೆಯೇ, ನಿಂತಿದ್ದಾಳೆಯೇ ಎಂದೇ ತಿಳಿಯುತ್ತಿರಲಿಲ್ಲ. ಅರ್ಧ ದಾರಿಯಲ್ಲಿ ರಂಗಸ್ವಾಮಿ ಗಡಿಯಾರ ಕೆಟ್ಟಿತೇನೋ ಎಂದು ಅಲ್ಲಾಡಿಸಿ ನೋಡಿದ. ಹತ್ತೊಂಬತ್ತು ಸೆಕೆಂಡು. ನನಗೆ ಸರ್ಜನ್ನರ ಮುಖ ಕಣ್ಣ ಮುಂದೆ ಬಂತು. ಅವರು ಚೀಟಿ ಮಡಿಸಿ ವಾಪಸು ಕೊಡುತ್ತಿದ್ದರು. ಅಕ್ಕ ಗೆರೆ ಮುಟ್ಟಿ, ಗರ್ಭಗುಡಿಗೆ ಕೈ ಮುಗಿದು, ಗಲ್ಲ ಮುಟ್ಟಿಕೊಂಡು, ನನ್ನ ಕಡೆ ತಿರುಗಿದಳು.

"ಇನ್ನೆಷ್ಟು ಸುತ್ತು ಐತ್ಲಾ?"

ಆಗ ಮೊದಲ ಸಲ ಅವಳ ಸೀರೆಯ ಅಂಚಿನ ಕೆಳಗೆ ನೋಡಿದೆ. ಬಲಗಾಲಿನ ಹಿಮ್ಮಡಿ ಎಡಗಾಲಿನ ಹೆಬ್ಬೆರಳಿಗೆ ಅಂಟಿಕೊಂಡಿತ್ತು. ಹೆಜ್ಜೆ ನಮಸ್ಕಾರ. ಹರಕೆ ಹೊತ್ತವರು ಹೆಜ್ಜೆಗೆ ಹೆಜ್ಜೆ ಕೂಡಿಸಿ ಗುಡಿ ಸುತ್ತುವ ಕ್ರಮ. ಚಪ್ಪಲಿ ಬಿಡಿಸಿ, ಪೌಳಿಯಲ್ಲಿ ದೇವರ ಎದುರಿಗೆ ನಿಲ್ಲಿಸಿ, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಎಂದು ಹೇಳಿಕೊಟ್ಟವರು ನಾವೇ. ಅದಾದ ಮೇಲೆ ನಡೆಯಿರಿ ಎಂದರೆ ಅವರು ಇನ್ನು ಹೇಗೆ ನಡೆಯಬೇಕು? ಹನ್ನೆರಡು ಹೆಂಗಸರೂ ನಮ್ಮ ಟೇಪಿನ ಪಕ್ಕದಲ್ಲಿ ಭಕ್ತಿಯಿಂದ ಹರಕೆ ತೀರಿಸಿದ್ದರು. ಗೆರೆಯನ್ನು ಮಾತ್ರ ನೋಡಿದ ಕಾಲಗಣಕ ಕಾಲನ್ನು ನೋಡಿರಲಿಲ್ಲ.

ಡಾಕ್ಟರಮ್ಮ ಹಣೆ ಚಚ್ಚಿಕೊಂಡು ನಕ್ಕರು. ಹೆಂಗಸರಿಗೆ ವಿಷಯ ತಿಳಿದು, ನಮ್ಮನ್ನು ಅಣಕಿಸಿ, ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಹುಲ್ಲಿನ ಹೊರೆಯವರು, ಮೊದ್ಲೇ ಏಳಿದ್ರೆ ಹರಕೆ ಸೀರೆ ಉಟ್ಕಂಡು ಬತ್ತಿದ್ದೆ ಎಂದರು. ಟೇಪನ್ನು ಕಿತ್ತು ದೇವಸ್ಥಾನದ ಹೊರಗಿನ ಸಿಮೆಂಟು ರಸ್ತೆಯಲ್ಲಿ ಹಾಸಿದೆವು. ಎಲ್ಲರೂ ಚಪ್ಪಲಿ ಮೆಟ್ಟಿ ಬಂದರು. ನಾಲ್ಕು ಸೆಕೆಂಡು. ನಾಲ್ಕೂವರೆ. ಒಬ್ಬರಿಗೆ ಐದೂವರೆ, ಅವರಿಗೆ ಮಂಡಿ ಊತವಿತ್ತು. ಹುಲ್ಲಿನ ಹೊರೆಯವರು ಮೂರೂವರೆ ಸೆಕೆಂಡಿಗೆ ಗೆರೆ ದಾಟಿ, ನಿಲ್ಲದೆ ಹಾಗೇ ಮನೆಗೆ ಹೊರಟುಹೋದರು. ಹಾಸನ ಬಿಟ್ಟ ಮೇಲೆ ಮೊದಲ ಸಲ ನನ್ನ ಎದೆ ಹಗುರಾಯಿತು. ಊರೆಲ್ಲ ಗಟ್ಟಿ, ಅಕ್ಕನೂ ಗಟ್ಟಿ, ತಪ್ಪೆಲ್ಲ ಟೇಪಿನದು. ಹಾಗೆಂದುಕೊಂಡೆ.

ಅಕ್ಕನ ಸರದಿ ಬಂತು. ರಸ್ತೆಯ ಮೇಲೆ ಅವಳ ಪಾದಗಳು ಕಾಣುತ್ತಿದ್ದವು. ಹೆಜ್ಜೆಗಳು ಈಗ ಬೇರೆ ಬೇರೆಯಾಗಿಯೇ ಇದ್ದವು, ಆದರೆ ಒಂದೊಂದೂ ಚಿಕ್ಕದು. ರಂಗಸ್ವಾಮಿ ಗುಂಡಿ ಒತ್ತಿ, ನನ್ನ ಮುಖ ನೋಡದೆ ಗಡಿಯಾರವನ್ನು ನೇರವಾಗಿ ಡಾಕ್ಟರಮ್ಮನ ಕೈಗೆ ಕೊಟ್ಟ. ಏಳು ಸೆಕೆಂಡು. ಇನ್ನೊಂದು ಸಲ ನಡೆಸಿದರು. ಆರೂ ಮುಕ್ಕಾಲು. ಕುರ್ಚಿಯಿಂದ ಮೂರು ಸಲ ಎದ್ದಳು, ನಾಲ್ಕನೆಯದಕ್ಕೆ ಆಗಲಿಲ್ಲ. ಹಿಡಿಯ ಮುಳ್ಳು ಕೆಳಗೇ ಉಳಿಯಿತು. ತೂಕ ನವೆಂಬರಿನಲ್ಲಿ ಹಾಸನದ ಆಸ್ಪತ್ರೆಯ ಚೀಟಿಯಲ್ಲಿ ಬರೆದದ್ದಕ್ಕಿಂತ ಆರು ಕಿಲೋ ಕಡಿಮೆ. ಇನ್ನೊಂದು ಜಾಗದಲ್ಲಿ ಅಳೆಯೋಣವೇ ಎಂಬ ಮಾತು ನನ್ನ ನಾಲಗೆ ತುದಿಗೆ ಬಂತು. ಇದ್ದದ್ದು ಇನ್ನು ಯಾವ ಜಾಗ?

ಅರಳಿಕಟ್ಟೆಯ ಮೇಲೆ ಅವಳನ್ನು ಕೂರಿಸಿ ಡಾಕ್ಟರಮ್ಮ ಪ್ರಶ್ನೆಗಳಿಗೆ ಬಂದರು. ಊಟ ಹೇಗಿದೆ? ಚೆನ್ನಾಗೈತೆ. ಹಸಿವು? ಅದೂ ಚೆನ್ನಾಗೈತೆ. ಲಲಿತನಿಗೆ ತಡೆಯಲಾಗಲಿಲ್ಲ. ಬಡಿಸಿದ ಮುದ್ದೆ ಮುಕ್ಕಾಲು ಪಾಲು ಹಿತ್ತಲಿನ ನಾಯಿಗೆ ಹೋಗುತ್ತಿದೆ, ಇವತ್ತಿನ ತಿಂಡಿಯೂ ಅರ್ಧ ಇಡ್ಲಿ, ಕೇಳಿದರೆ ತಿಂದೆ ಎನ್ನುತ್ತಾಳೆ ಎಂದು ಬಿಚ್ಚಿಟ್ಟಳು. ಅಕ್ಕ ಮಗಳನ್ನು ಬೈಯಲಿಲ್ಲ. ಡಾಕ್ಟರಮ್ಮನ ಮುಂದೆ ತಲೆ ತಗ್ಗಿಸಿದಳು.

"ಉಂಡ್ರೆ ನೋವು ಬತ್ತೈತೆ ಕಣವ್ವ. ನೋವು ಬಂದ್ರೆ ಇವ್ಳು ಓಟ್ಲು ಬಾಗ್ಲು ಆಕ್ಬುಟ್ಟು ನನ್ನ ಎತ್ಕಂಡು ಆಸನಕ್ಕೆ ಓಡ್ತಾಳೆ. ಮೂರು ದಪ ಓಡವ್ಳೆ. ಉಣ್ದಿದ್ರೆ ನೋವಿಲ್ಲ, ಯಾರ್ಗೂ ತೊಂದ್ರೆ ಇಲ್ಲ."

ಲಲಿತ ಎದ್ದು ಕಟ್ಟೆಯ ಆಚೆ ಬದಿಗೆ ಹೋಗಿ ನಿಂತಳು.

ಡಾಕ್ಟರಮ್ಮ ಚೀಟಿಯಲ್ಲಿ ಬರೆದದ್ದನ್ನು ಓದಿ ಹೇಳಿದರು. ನಿತ್ರಾಣ ಇದೆ. ಈಗಲೇ ಶಸ್ತ್ರಚಿಕಿತ್ಸೆ ಬೇಡ, ಆರು ವಾರ ಕೊಡಿ. ಎಣ್ಣೆ, ತುಪ್ಪ, ಕಾಯಿ ಬಿಟ್ಟು ಬೇಳೆ, ಮೊಟ್ಟೆಯ ಬಿಳಿ, ಮಜ್ಜಿಗೆ, ಇಡ್ಲಿ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಆರು ಸಲ. ಬೆಳಿಗ್ಗೆ ಸಂಜೆ ಕುರ್ಚಿಯಿಂದ ಏಳುವುದು, ನಡೆಯುವುದು. ಆಮೇಲೆ ಮತ್ತೆ ಅಳೆದು, ಮೈ ತುಂಬಿದ್ದರೆ ಕಲ್ಲು ತೆಗೆಸೋಣ. ನಡುವೆ ಜ್ವರ ಬಂದರೆ, ಕಣ್ಣು ಹಳದಿಯಾದರೆ, ನೋವು ನಿಲ್ಲದಿದ್ದರೆ ಒಂದು ಗಂಟೆಯೂ ಕಾಯಬಾರದು. ಆ ಕೊನೆಯ ಮಾತನ್ನು ಅವರು ನನ್ನ ಕಡೆ ನೋಡಿ ಎರಡು ಸಲ ಹೇಳಿದರು. "ಇವರು ಮುಗಿದುಹೋದವರಲ್ಲ ಸರ್," ಎಂದೂ ಸೇರಿಸಿದರು. "ಹಸಿದವರು."

ಮಧ್ಯಾಹ್ನ ಶಿಬಿರ ಮುಗಿಸಿ ಹಿರೀಸಾವೆಯ ಲಲಿತನ ಹೋಟೆಲಿಗೆ ಹೋದೆವು. ಹೆದ್ದಾರಿಯ ಲಾರಿಗಳಿಗೆ ಗೋಡೆಯ ಮೇಲಿನ ಕ್ಯಾಲೆಂಡರು ಬಡಿದುಕೊಳ್ಳುತ್ತಿತ್ತು. ಡಾಕ್ಟರಮ್ಮ ಅಕ್ಕನ ಎದುರಿನ ಬೆಂಚಿನಲ್ಲಿ ಕುಳಿತು, ಒಂದು ಇಡ್ಲಿ, ಒಗ್ಗರಣೆ ಇಲ್ಲದ ಬೇಳೆಕಟ್ಟು ತರಿಸಿದರು. ಅಕ್ಕ ಇಡ್ಲಿಯನ್ನು ದೀರ್ಘಕಾಲ ನೋಡಿದಳು. ಬಾಲ್ಯದಲ್ಲಿ ನನಗೆ ಕಹಿ ಕಷಾಯ ಕುಡಿಸಿದವಳು ಅವಳೇ. ಈಗ ನಾನು ಅವಳ ಬಾಯಿಯನ್ನು ಕಾಯುತ್ತ ಕುಳಿತಿದ್ದೆ. ಚೂರು ಚೂರು ಮಾಡಿ ತಿಂದಳು. ಮುಗಿದ ಮೇಲೆ ಎಡಗೈಯನ್ನು ಪಕ್ಕೆಲುಬಿನ ಕೆಳಗೆ ಇಟ್ಟುಕೊಂಡಳು.

ನಾವು ಕಾದೆವು. ಹಾಸನಕ್ಕೆ ಇನ್ನೂ ಸುಮಾರು ಅರವತ್ತು ಕಿಲೋಮೀಟರ್ ಇತ್ತು, ಆದರೆ ಹೊರಡೋಣ ಎಂದು ಯಾರೂ ಅನ್ನಲಿಲ್ಲ. ಲಲಿತ ಗಿರಾಕಿಗಳಿಗೆ ಬಡಿಸುತ್ತಲೇ ತಾಯಿಯ ಮುಖದ ಮೇಲೆ ಕಣ್ಣಿಟ್ಟಿದ್ದಳು. ಒಬ್ಬರಿಗೆ ಸಾಂಬಾರಿನ ಬದಲು ಕಾಫಿ ಸುರಿದಳು. ಹದಿನೈದು ನಿಮಿಷ. ಅಕ್ಕ ಹುಬ್ಬು ಗಂಟಿಕ್ಕಿದಳು. ನಾನು ಜೀಪಿನ ಕಡೆ ನೋಡಿದೆ. ನೊಣ, ಎಂದಳು ಅಕ್ಕ, ಕೈ ಬೀಸಿ. ಅರ್ಧ ಗಂಟೆ. ಮುಕ್ಕಾಲು. ಪಕ್ಕೆಲುಬಿನ ಕೆಳಗಿನ ಕೈಯನ್ನು ಅವಳೇ ತೆಗೆದು ಮೇಜಿನ ಮೇಲಿಟ್ಟಳು.

ಮೂರು ಗಂಟೆಗೆ ಹೊರಟೆವು. ಜೀಪು ಹೆದ್ದಾರಿಗೆ ಏರುವಾಗ ಹಿಂದಿನ ಗಾಜಿನಲ್ಲಿ ತಿರುಗಿ ನೋಡಿದೆ. ಅಕ್ಕ ಬೆಂಚಿನ ಮೇಲೆ ಕುಳಿತಲ್ಲಿಂದಲೇ ಬಲಗೈ ಎತ್ತಿದಳು. ನಾನೂ ಕೈ ಎತ್ತಿ ಬೀಸಿದೆ. ಅವಳು ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಒಳಗಿನಿಂದ ಲಲಿತ ಓಡಿಬಂದು, ಅವಳ ತಟ್ಟೆಗೆ ಇನ್ನೊಂದು ಇಡ್ಲಿ ಹಾಕಿದಳು.